ಕ್ಷಿಪಣಿ ಚರ್ಚೆಯ ನಡುವೆ ಬಂದ ಆನೆ

ಮಾದಾಪುರ, ಸೋಮವಾರ

ಅಪ್ಪಾ,

ಹಿರಿಯೂರಲ್ಲಿ ಟಿ.ವಿ. ಮುಂದೆ ಕೂತು ಕ್ಷಿಪಣಿ ಚರ್ಚೆಗೆ ಕೂಗಾಡುವ ನೀವು ನಿನ್ನೆ ಇಲ್ಲಿರಬೇಕಿತ್ತು. ನಮ್ಮ ಶಾಲೆಯಲ್ಲಿ ಊರವರದೇ ಚರ್ಚೆ. ಶತ್ರುವಿನ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಕವಚ ದೇಶಕ್ಕೆ ಬೇಕೇ ಬೇಕು ಎಂದರು ನಿವೃತ್ತ ಸುಬೇದಾರ್ ಮೊಣ್ಣಪ್ಪ. ನಾವು ಕವಚ ತೊಟ್ಟರೆ ಎದುರಾಳಿ ಹೆದರಿ ಇನ್ನಷ್ಟು ಕ್ಷಿಪಣಿ ಮಾಡುತ್ತಾನೆ ಎಂದು ಪಕ್ಕದ ತೋಟದ ಚಿದಾನಂದ ಮೇಜು ಗುದ್ದಿದರು. ಬೇಲಿಯ ವಿಚಾರಕ್ಕೆ ಇಬ್ಬರಿಗೂ ಕೋರ್ಟಿನಲ್ಲಿ ಕೇಸು. ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ.

ಅಷ್ಟರಲ್ಲಿ ಮೊಣ್ಣಪ್ಪನವರಿಗೆ ಫೋನ್ ಬಂತು. ಸೀದಾ ವೇದಿಕೆ ದಾಟಿ ಹೋಗಿ, "ಚಿದಾನಂದರೇ, ಆನೆ ನಿಮ್ಮ ಲೈನ್ ಮನೆ ಕಡೆ ಹೋಗ್ತಾ ಉಂಟು. ನನ್ನ ಜೀಪು ಹತ್ತಿ" ಎಂದರು. ತೋಟದ ಕೆಲಸದವರು ಇರುವ ಮನೆಗಳವು. ಮಕ್ಕಳು ಅಂಗಳದಲ್ಲೇ ಆಡುತ್ತಿರುತ್ತಾರೆ. ಇಬ್ಬರೂ ಪಟಾಕಿ ಹಿಡಿದು ಓಡಿದರು. ಆನೆ ಅಟ್ಟಿ, ಮೈತುಂಬ ಕೆಸರಾಗಿ, ಅದೇ ಜೀಪಿನಲ್ಲಿ ವಾಪಸು ಬಂದರು. ಚಿದಾನಂದ ಮೈಕ್ ಹಿಡಿದು, "ಮಕ್ಕಳಿಗೆ ಏನೂ ಆಗಿಲ್ಲ. ಈಗ ಇವರ ಕವಚದ ತಪ್ಪು ಹೇಳ್ತೀನಿ ಕೇಳಿ" ಎಂದರು! ಎಂಥ ಜನ ಅಪ್ಪಾ!

ನನ್ನ ಕೆಮ್ಮು ಇಳಿದಿದೆ, ಆದರೂ ಸ್ವೆಟರ್ ಕಳಿಸಿ. ಅಂಚೆ ಡಬ್ಬಿಯ ಟಪಾಲು ತೆಗೆಯುವ ಹೊತ್ತಾಯಿತು. ಓದಿದ ಮೇಲೆ ಈ ಕಾರ್ಡನ್ನು, ನೀವು ಮಾತು ಬಿಟ್ಟಿರುವ ದೊಡ್ಡಪ್ಪನಿಗೆ ನೀವೇ ಹೋಗಿ ಕೊಡಿ.

ನಿಮ್ಮ ರೂಪಶ್ರೀ