ವನ್ಸ್ ಮೋರ್‌ಗೆ ಕಟ್ಟಿದ ನುಡಿ

ಊರಿಗಾಂ, ಕೆ.ಜಿ.ಎಫ್.
ನವೆಂಬರ್ ೧೯, ೨೦೨೪

ಪ್ರೀತಿಯ ಕಲಾ,

ಗದಗಿನಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬೈದುಕೋ, ತಪ್ಪೇನಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ನಾನು ಕಿರುಚಬೇಕು, ಇಡೀ ಲೈನಿನ ಮನೆಗಳಿಗೆಲ್ಲ ಸುದ್ದಿ. ಇಲ್ಲಿ ಶಶಿ ಫ್ಯಾಕ್ಟರಿ, ಸಂಘ ಅಂತ ಓಡಾಡಿಕೊಂಡಿದ್ದಾನೆ. ಸೊಸೆ ಸಿಂಧು ಚೆನ್ನಾಗಿದ್ದಾಳೆ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳುತ್ತಿಲ್ಲ.

ಮೊನ್ನೆ ಭಾನುವಾರ ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ನಮ್ಮ ಚಲಪತಿ ಮೇಷ್ಟ್ರ ನೆನಪಿಗೆ ಸಂಗೀತ ಕಾರ್ಯಕ್ರಮವಿತ್ತು. ಅವರು ಬರೆದ ನಾಟಕದ ಹಾಡುಗಳನ್ನೆಲ್ಲ ಹಾಡಿಸುತ್ತೇವೆ, ಬಂದ ದುಡ್ಡು ಮುದಿ ಕಲಾವಿದರಿಗೆ ಅಂತ ಊರೆಲ್ಲ ಬ್ಯಾನರು. ಬ್ಯಾನರಿನಲ್ಲಿ ಮೇಷ್ಟ್ರ ಮುಖ ಹುಣಿಸೆ ಬೀಜದಷ್ಟು. ಉಳಿದ ಜಾಗದಲ್ಲಿ ಯಾರು ಯಾರೋ ಕೈ ಮುಗಿದುಕೊಂಡು ಹಲ್ಲು ಕಿರಿಯುತ್ತಿದ್ದರು. ಥೂ.

ಆದರೂ ಹೋದೆ. ಯಾಕೆಂದು ನಿನಗೆ ಹೇಳಬೇಕೇ? ಆ ಒಂದು ನುಡಿಗಾಗಿ ಹೋದೆ.

ನಿನಗೆ ನೆನಪಿರುತ್ತದೆ. ಜನ ವನ್ಸ್ ಮೋರ್ ಅಂದರೆ ಹಾಡಿದ್ದನ್ನೇ ತಿರುಗಿ ಹಾಡುವುದು ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಕೇಳಿದವರಿಗೆ ಹೊಸದು ಕೊಡಬೇಕು ಅಂತ ಪ್ರತಿ ಹಾಡಿಗೂ ಒಂದು ಹೆಚ್ಚಿನ ನುಡಿ ಕಟ್ಟಿಡುತ್ತಿದ್ದರು. ಜನ ಕೇಳದಿದ್ದರೆ ಅದನ್ನು ಹಾಡುವಂತಿಲ್ಲ. ನಾಟಕ ಕಂಪನಿಯವರೇ ಬಾಯಿಬಿಟ್ಟು ವನ್ಸ್ ಮೋರ್ ಅಂದರಂತೂ ಮರ್ಯಾದೆಗೇಡು. ನಮ್ಮ ಮನೆಯವರು ಶಿಫ್ಟು ಮುಗಿಸಿ ಬಂದು, ಮುಖ ತೊಳೆದುಕೊಂಡು ಪರದೆ ಎಳೆಯಲು ನಿಲ್ಲುತ್ತಿದ್ದರಲ್ಲ, ಗಣಿಯೊಳಗೆ ಬಂಡೆ ಸಿಡಿದು ಅವರು ಹೋದ ಮೇಲೆ ನಡೆದ ಮೊದಲ ನಾಟಕದಲ್ಲಿ ನೀನು ಹಾಡಿದೆ:

‘ದೀಪ ಹಿಡಿದು ನೆಲಕೆ ಇಳಿದ ನಮ್ಮ ಪೆರುಮಾಳ,
ಪರದೆ ಎಳೆವ ಕೈಯೇ ಇಲ್ಲ, ತೆರೆದಿರಲಿ ಇರುಳೆಲ್ಲ.’

ನಾನು ಅವರ ಹೆಸರನ್ನು ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ. ರಂಗದ ಮೇಲಿಂದ ನೀನು ಹೇಳಿದ್ದೇ ನನಗೆ ಸಾಕಾಗಿತ್ತು. ಕಂಪನಿ ಮುಚ್ಚಿದ ಮೇಲೆ ಆ ನುಡಿಯನ್ನು ಯಾರೂ ಹಾಡಲಿಲ್ಲ. ಸಾಯುವ ಮುಂಚೆ ಇನ್ನೊಂದು ಸಲ ಕೇಳಬೇಕೆಂಬುದು ನನ್ನ ಆಸೆ. ಬಿಂದುಶ್ರೀ ಎಂಬ ಹುಡುಗಿ ಆ ಹಾಡು ಹಾಡುತ್ತಾಳೆಂದು ತಿಳಿದು, ಅವಳಿಗೆ ಫೋನಿನಲ್ಲಿ ಈ ನುಡಿ ಹೇಳಿಕೊಟ್ಟೆ. ಹೆಸರಿನ ಜಾಗ ಬಂದಾಗ ನಾನು ತಡವರಿಸಿದೆ, ಸಿಂಧುವೇ ನಕ್ಕು ಹೇಳಿದಳು. ಕಾರ್ಯಕ್ರಮದಲ್ಲಿ ಮೈಕು ಹಿಡಿಯುವವನಿಗೂ ಮೊದಲೇ ಹೇಳಿದ್ದೆ: ‘ಯಾರಾದರೂ ವನ್ಸ್ ಮೋರ್ ಅಂದರೆ ಆ ಹುಡುಗೀನ ತಡೀಬೇಡ ಕಣಪ್ಪ.’ ಆಯ್ತು ಅಂದಿದ್ದ.

ರೈಲಿನಲ್ಲಿ ಹೋದೆವು, ನಾನೂ ಆದಿಲಕ್ಷ್ಮಮ್ಮನೂ. ರಾಣಿ ಪಾತ್ರ ಮಾಡುತ್ತಿದ್ದವಳು ಈಗ ಕೋಲು ಹಿಡಿದು ನಡೆಯುತ್ತಾಳೆ. ಮುದಿ ಕಲಾವಿದರನ್ನೆಲ್ಲ ವೇದಿಕೆಯ ಒಂದು ಮೂಲೆಗೆ ಕುರ್ಚಿ ಹಾಕಿ ಕೂರಿಸಿದರು. ಮೇಷ್ಟ್ರ ಹಾರ್ಮೋನಿಯಂ ತಂದು ಫೋಟೋ ಮುಂದೆ ಇಟ್ಟು ಅದಕ್ಕೂ ಹಾರ ಹಾಕಿದ್ದರು. ನುಡಿಸುವವರು ಯಾರೂ ಇಲ್ಲ, ಎಲ್ಲ ಪೆನ್‌ಡ್ರೈವಿನಿಂದ ಬರುವ ಸಂಗೀತ. ಆಮೇಲೆ ಸನ್ಮಾನ. ನನಗೆ ಶಾಲು ಹೊದಿಸಿದರು, ಫೋಟೋ ತೆಗೆದರು. ನಾನು ಕೈ ಮುಗಿಯುವಷ್ಟರಲ್ಲಿ ಒಬ್ಬ ಬಂದು ಶಾಲು ಎಳೆದುಕೊಂಡ. ‘ಫೋಟೋಕ್ಕೆ ಮಾತ್ರ ಅಮ್ಮಾ, ಬುಡಿ’ ಅಂದ. ಅದೇ ಶಾಲು ಆದಿಲಕ್ಷ್ಮಮ್ಮನ ಹೆಗಲಿಗೆ ಹೋಯಿತು, ಅಲ್ಲಿಂದ ಪಕ್ಕದವರಿಗೆ. ನಾವೆಲ್ಲ ಒಂದೇ ಶಾಲಿನಲ್ಲಿ ಸನ್ಮಾನಿತರು ಕಣೇ! ಆದಿಲಕ್ಷ್ಮಮ್ಮ ನನ್ನ ಕಿವಿಯಲ್ಲಿ, ‘ಸದ್ಯ, ಸೀರೆ ಕೊಟ್ಟು ವಾಪಸ್ ಕಿತ್ಕೊಳ್ಳಲಿಲ್ಲವಲ್ಲ’ ಅಂದಳು. ನಗು ಬಂತು, ಹೇಸಿಗೆಯೂ ಆಯಿತು.

ಅತಿಥಿಯಾಗಿ ಬಂದ ಸಾಹೇಬರ ಭಾಷಣ ಮುಗಿಯುವ ಹೊತ್ತಿಗೆ ಜನ ಊಟದ ವಾಸನೆ ಹಿಡಿದು ಹಿಂದೆ ತಿರುಗಿ ನೋಡುತ್ತಿದ್ದರು. ಬಿಂದುಶ್ರೀ ನಿಂತಳು. ಚೆನ್ನಾಗಿಯೇ ಹಾಡಿದಳು, ಸುಳ್ಳು ಹೇಳಬಾರದು. ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ನಾನು ಸೆರಗು ಹಿಡಿದುಕೊಂಡು ಕಾದೆ. ಯಾರೂ ಕೇಳಲಿಲ್ಲ. ಆ ಹುಡುಗಿ ಮೈಕು ಇಳಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ಹಿಂದಿನ ಸಾಲಿನಲ್ಲಿ ಮುನಿರಾಜಣ್ಣ ಎದ್ದ. ನಮ್ಮವರ ಜತೆಯಲ್ಲೇ ಗಣಿಗೆ ಇಳಿಯುತ್ತಿದ್ದವನು, ಈಗ ಎರಡು ಮಾತಾಡಿದರೆ ನಾಲ್ಕು ಸಲ ಕೆಮ್ಮುತ್ತಾನೆ. ಕುರ್ಚಿ ಹಿಡಿದುಕೊಂಡು ಕೂಗಿದ:

‘ವನ್ಸ್ ಮೋರ್! ಪೆರುಮಾಳಣ್ಣನ್ ನುಡಿ ಬರ್ಲಿ ಕಣಮ್ಮ!’

ನಾನು ಕುರ್ಚಿಯ ತುದಿಗೆ ಸರಿದೆ ಕಲಾ. ಹುಡುಗಿ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಮೈಕಿನವನು ಮುಂದೆ ಬಂದು, ‘ವನ್ಸ್ ಮೋರ್ ಎಲ್ಲಾ ಬ್ಯಾಡಣ್ಣೋ, ಅನ್ನ ಆರೋಯ್ತದೆ. ಸಾಹೇಬ್ರು ಬೇರೆ ಒಂಟವ್ರೆ’ ಅಂದ. ಜನ ನಕ್ಕರು.

ನಾನು ಎದ್ದುಬಿಟ್ಟೆ. ಮರ್ಯಾದೆ, ಪದ್ಧತಿ ಎಲ್ಲ ಮೇಷ್ಟ್ರ ಫೋಟೋದ ಜತೆಗಿರಲಿ ಅಂತ ಗಂಟಲು ಹರಿಯುವಂತೆ ‘ವನ್ಸ್ ಮೋರ್’ ಅಂತ ಕೂಗಿದೆ. ಆಮೇಲೆ ಏನಾಯಿತು ಗೊತ್ತೇ? ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಜನ್ಮವೆಲ್ಲ ಹಾಸ್ಯ ಪಾತ್ರ ಮಾಡಿದವಳಲ್ಲವೇ, ಇದೂ ಹಾಸ್ಯ ಅಂದುಕೊಂಡರು. ಮೈಕಿನವನು ನನ್ನತ್ತ ಕೈ ತೋರಿಸಿ, ‘ನೋಡ್ರಪ್ಪ, ನಮ್ಮ ಹಾಸ್ಯ ಕಲಾವಿದೆಗೆ ಇನ್ನೂ ಆ ಟೈಮಿಂಗ್ ಓಗಿಲ್ಲ! ಜೋರಾಗ್ ಒಂದು ಚಪ್ಪಾಳೆ!’ ಅಂದ. ಚಪ್ಪಾಳೆ ಹೊಡೆದರು. ಸಾಹೇಬರು ಇಳಿದು ಹೋದರು. ಆ ಹುಡುಗಿ ಕಣ್ಣು ಒರೆಸಿಕೊಂಡು ಮೈಕು ಕೆಳಗಿಟ್ಟಳು. ನನಗೆ ಬಂದ ಚಪ್ಪಾಳೆಯಲ್ಲೆಲ್ಲ ಇಷ್ಟು ಅಸಹ್ಯವಾದದ್ದು ಇನ್ನೊಂದಿಲ್ಲ.

ಮುನಿರಾಜಣ್ಣ ಊಟಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲಿ ನನ್ನ ನೋಡಿ, ‘ಬಿಡು ತಾಯಿ, ಇವರ ಬಾಯಲ್ಲಿ ಅಣ್ಣನ ಹೆಸರು ಬರದಿದ್ದದ್ದೇ ಒಳ್ಳೇದಾಯ್ತು’ ಅಂದ. ನನಗೆ ಹಾಗೆ ಅನ್ನಿಸಲಿಲ್ಲ. ನನಗೆ ಬೇಕಾಗಿತ್ತು ಕಣೇ.

ನಿನ್ನ ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿನ್ನ ಗಂಟಲನ್ನು ಕಾಪಾಡಲಿ. ಮನೆಯಲ್ಲಿ ಒಬ್ಬಳೇ ಇರುವಾಗ ಆ ನುಡಿಯನ್ನು ಒಂದು ಸಲ ಹಾಡಿಬಿಡು. ಇಲ್ಲಿಂದ ನಾನೇ ವನ್ಸ್ ಮೋರ್ ಅಂದಿದ್ದೇನೆ ಅಂದುಕೋ.

ನಿನ್ನ
ಅನಸೂಯಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೈಕು ಹಿಡಿದವನ ಹೆಸರು ಹೇಳಲಿಲ್ಲವಲ್ಲ, ಅವನು ನಮ್ಮ ಶಶಿ. ನೀನು ಆ ನುಡಿ ಹಾಡಿದ ದಿನ ನನ್ನ ಮಡಿಲಲ್ಲಿ ಮಲಗಿದ್ದ ಕೂಸು. ಅವನ ಜುಬ್ಬಾಕ್ಕೆ ಬೆಳಿಗ್ಗೆ ಇಸ್ತ್ರಿ ಹಾಕುತ್ತಲೇ, ‘ಆ ನುಡಿಯಲ್ಲಿ ನಿಮ್ಮಪ್ಪನ ಹೆಸರಿದೆ ಕಣೋ’ ಅಂತ ಹೇಳಿದ್ದೆ. ವಾಪಸ್ ಬರುವಾಗ ವ್ಯಾನಿನಲ್ಲಿ ಪಕ್ಕದಲ್ಲೇ ಕೂತು, ‘ಎಂಗಿತ್ತಮ್ಮ ಪ್ರೋಗ್ರಾಮು?’ ಅಂತ ಕೇಳಿದ. ‘ಅನ್ನ ಬಿಸಿಯಾಗಿತ್ತು ಕಣಪ್ಪ’ ಅಂದೆ.