ಶಂಕ್ರಪ್ಪನ ಕೆಮ್ಮು

೧೭-೧೧-೨೦೨೫, ಸೋಮವಾರ, ಮಕ್ತಲ

ಮಗ್ಗದ ಶಂಕ್ರಪ್ಪನನ್ನು ಇವತ್ತು ಮಣ್ಣು ಮಾಡಿ ಬಂದೆವು. ಹೋದ ಸೋಮವಾರ ನಮ್ಮ ಭಜನಾ ಮೇಳದಲ್ಲಿ ಪದದ ನಡುವೆಯೇ ಅವನು ಬಾಯಿ ಮುಚ್ಚಿಕೊಂಡು ಕುಳಿತ. ನನಗೆ ಸಿಟ್ಟು ತಡೆಯಲಿಲ್ಲ. "ಹಾಡಾಕ ಆಗದಿದ್ರ ಮನ್ಯಾಗ ಬಿದ್ದಿರಲೇ!" ಎಂದು ಎಲ್ಲರೆದುರು ಬೈದೆ. ತಾಳ ಕೆಳಗಿಟ್ಟು ಎದ್ದು ಹೋದ.

ಬೆಳಿಗ್ಗೆ ಹೆಣದ ಮುಂದೆ ಭಜನೆಗೆ ಕುಳಿತಾಗ ಅವನ ಹೆಂಡತಿ ನಾಗಮ್ಮ ಅಂದಳು: "ಕೆಮ್ಮಿದ್ರ ನಿಮ್ಮ ಪದ ಕೆಡತೈತಂತ ಬಾಯಿ ಬಿಗಿಹಿಡಿದು ಕುಂತಿದ್ರು ರೀ ಮಾವ. ನಿಮಗ ಹೇಳಬ್ಯಾಡ, ಅಣ್ಣ ಸಂಕಟ ಪಡ್ತಾನ ಅಂದಿದ್ರು."

ಪದ ಎತ್ತಿದೆ. ಎರಡನೇ ಸಾಲಿಗೆ ನಿಂತೆ. ಮರೆತೆನೆಂದುಕೊಂಡು ಮೇಳದವರು ಮೆಲ್ಲಗೆ ಸಾಲು ಹೇಳಿಕೊಟ್ಟರು. ಮತ್ತೆ ನಿಂತೆ. ಮತ್ತೆ ಹೇಳಿಕೊಟ್ಟರು.

ಅಷ್ಟು ಜನರಲ್ಲಿ ಒಬ್ಬನಾದರೂ ನನ್ನನ್ನು ಬೈಯಬಾರದಿತ್ತೇ?