ಸೋಮವಾರದ ಹನ್ನೊಂದು ಹಕ್ಕಿ

ಮೇ 6, ಮಂಗಳವಾರ

ಹಕ್ಕಿ ಆವರಣಕ್ಕೆ ಇನ್ನೂ ಆರು ಕಂಬ ಬಾಕಿ. ಬಲೆಯ ಬುಡವನ್ನು ಒಂದಡಿ ಹೂತು ಹೊರಕ್ಕೆ ಮಡಚಿದ್ದಾಯಿತು. ಇಲ್ಲದಿದ್ದರೆ ನರಿ ಕೆರೆದು ನುಗ್ಗುತ್ತದೆ. ಸುತ್ತ ಕರೆಂಟ್ ತಂತಿ ಎರಡು ಸಾಲು. ಕಾಡಿಗೆ ಬಿಡುವ ಮೊದಲು ಫೆಸೆಂಟ್ ಎಂಬ ಬೇಟೆಹಕ್ಕಿಯ ಮರಿಗಳು ಎರಡು ತಿಂಗಳು ಇಲ್ಲೇ ಇರಬೇಕು. ಈ ಸಲ ಬೇಟೆ ಕ್ಲಬ್ಬಿಗೆ ಸಾವಿರದ ಇನ್ನೂರು ಬೇಕಂತೆ. ಬೆನ್ನು ಹಿಡಿದುಕೊಂಡಿದೆ. ಅರವತ್ತೊಂದಕ್ಕೆ ಇನ್ನೇನಾಗುತ್ತದೆ.

ನೆಸ್ಟಾ ಮನೆಯಲ್ಲಿ ಟೀ, ಒಣದ್ರಾಕ್ಷಿ ಬ್ರೆಡ್ಡು. ಬ್ರೋನ್ ಸತ್ತು ಮೂರು ವರ್ಷ. ಹೆಂಡತಿ ಹೋದರೂ ನಾದಿನಿಯ ಟೀ ಒಂದು ದಿನ ತಪ್ಪಿಲ್ಲ. ಅವಳ ಹೆಬ್ಬಾತುಗಳು ಇವತ್ತೂ ನನ್ನ ಪ್ಯಾಂಟಿಗೆ ಬಾಯಿ ಹಾಕಿದವು. ಬಿಷಪ್ ಎಂಬ ಹಳೇ ಗಂಡು ಮಾತ್ರ ಎತ್ತಿಕೊಂಡರೆ ಸುಮ್ಮನಿರುತ್ತದೆ.

"ಭಾವ, ನೀವು ಸಾಕೋದೂ ಕೊಲ್ಲಕ್ಕೆ, ನಾನು ಸಾಕೋದೂ ಕೊಲ್ಲಕ್ಕೆ. ನಾನು ಹೆಸರಿಡ್ತೀನಿ, ಅಷ್ಟೇ."

"ಹೆಸರಿಟ್ಟು ತಿನ್ನೋಳೇ ದೊಡ್ಡ ಪಾಪಿ ಕಣೇ."

"ಬಿಷಪ್‌ನ ಯಾರು ತಿಂತಾರೆ? ಹತ್ತೊಂಬತ್ತು ವರ್ಷದ ಮಾಂಸ. ಊರಲ್ಲಿ ಅಷ್ಟು ಗಟ್ಟಿ ಹಲ್ಲು ಯಾರಿಗಿದೆ?"

ಮೇ 22

ಮರಿ ಬಂದವು. ಹುಟ್ಟಿ ಒಂದೇ ದಿನ. ಗ್ಯಾಸ್ ಹೀಟರಿನ ಕೆಳಗೆ ಬಿಟ್ಟೆ. ಒಂದಷ್ಟು ಮರಿಗಳ ಕೊಕ್ಕು ಹಿಡಿದು ನೀರಿಗೆ ಮುಟ್ಟಿಸಿದೆ. ಮಿಕ್ಕವು ನೋಡಿ ಕಲಿಯುತ್ತವೆ.

ಜೂನ್ 15

ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತಿವೆ. ಕೊಕ್ಕಿಗೆ ಪ್ಲಾಸ್ಟಿಕ್ ಬಳೆ ಹಾಕುವ ಕೆಲಸ. ಇನ್ನೂರಾದ ಮೇಲೆ ಬೆರಳು ಮರಗಟ್ಟಿತು. ಚರ್ಚು ಮುಗಿಸಿಕೊಂಡು ಬಂದ ನೆಸ್ಟಾ, ಒಳ್ಳೆಯ ಬಟ್ಟೆಯಲ್ಲೇ, ಕೇಳದೆ ಪಕ್ಕದಲ್ಲಿ ಕೂತಳು. ನನಗಿಂತ ಚುರುಕು. ಸಂಜೆಯವರೆಗೂ ಇದ್ದಳು.

ಜುಲೈ 13

ಎಲ್ಲ ಆವರಣಕ್ಕೆ ಸೇರಿದವು. ಬಳೆ ತೆಗೆದು, ಒಂದೊಂದು ರೆಕ್ಕೆಯ ತುದಿ ಕತ್ತರಿಸಿ ಬಿಟ್ಟೆ. ಆಬ್ರಿ ಬೇಲಿ ಹಿಡಿದು ನೋಡುತ್ತಿದ್ದ. ಶಾಲೆಯಲ್ಲಿ ಒಂದೇ ಬೆಂಚು. ಈಗ ಅವನು ಮರದ ಮಿಲ್ಲಿನ ಒಡೆಯ, ಕ್ಲಬ್ಬಿನ ಕ್ಯಾಪ್ಟನ್. ನಾನು ಅವನ ಕೀಪರ್, ಬೇಟೆಗೆ ಹಕ್ಕಿ ಸಾಕುವವನು.

"ಏನೋ ವಿಲ್ಫ್, ನಿನ್ನ ಮಕ್ಕಳು ಚೆನ್ನಾಗಿ ಮೇಯ್ದಿವೆ."

"ನನ್ನ ಮಕ್ಕಳಿಗೆ ನವೆಂಬರಲ್ಲಿ ಗುಂಡಿಕ್ಕೋನು ನೀನೇ ಅಲ್ವೇನೋ."

ನಕ್ಕ. ಒಳ್ಳೆಯ ದಿನ.

ಆಗಸ್ಟ್ 25, ಸೋಮವಾರ

ಹನ್ನೊಂದು ಸತ್ತಿವೆ. ನೀರಿನ ತೊಟ್ಟಿಯ ಹತ್ತಿರ. ಗಾಯವಿಲ್ಲ. ನರಿಯಲ್ಲ. ಇನ್ನೆರಡು ಕುಡಿದವರ ಹಾಗೆ ತೂರಾಡುತ್ತಿದ್ದವು.

ಆಬ್ರಿಗೆ ಫೋನ್ ಮಾಡಿದೆ. "ಗಂಟಲು ಹುಳ ಇರ್ಬೇಕು ಕಣೋ. ನೀರಿಗೆ ಔಷಧಿ ಹಾಕು."

"ಹುಳ ಆದ್ರೆ ಕೆಮ್ಮಬೇಕು. ಇವು ಕೆಮ್ತಿಲ್ಲ. ಹಕ್ಕಿಜ್ವರ ಇದ್ರೆ? ಪಶು ಇಲಾಖೆಗೆ ಹೇಳ್ಬಿಡೋಣ."

"ಇವತ್ತು ರಜಾ. ಯಾರು ಸಿಗ್ತಾರೆ? ಎರಡು ದಿನ ನೋಡೋಣ. ಒಂದ್ಸಲ ಅವ್ರು ಕಾಲಿಟ್ರೆ ಸೀಸನ್ ಹೋಯ್ತು. ಸೀಸನ್ ಹೋದ್ರೆ ಕ್ಲಬ್ ಹೋಯ್ತು. ಕ್ಲಬ್ಬೇ ಇಲ್ಲ ಅಂದ್ಮೇಲೆ ಕೀಪರ್‌ಗೆ ಕ್ಲಬ್ಬಿನ ಮನೆ ಯಾಕೋ?"

ಬ್ರೋನ್ ಕಣ್ಣು ಮುಚ್ಚಿದ್ದು ಈ ಮನೆಯಲ್ಲಿ. ಸತ್ತ ಹಕ್ಕಿಗಳನ್ನು ಸುಟ್ಟೆ.

ಆಗಸ್ಟ್ 26

ಇನ್ನೂ ಇಪ್ಪತ್ತಾರು ಸತ್ತವು. ಸುಟ್ಟೆ. ನೆಸ್ಟಾ ಮನೆಗೆ ಹೋದೆ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಬರುತ್ತಾಳೆ.

ಆಗಸ್ಟ್ 27

ಎಪ್ಪತ್ತು... ಎಣಿಸುವುದು ಬಿಟ್ಟೆ. ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತ ಸಾಯುತ್ತಿವೆ. ಇದು ಹುಳವಲ್ಲ. ನನಗೆ ಗೊತ್ತು. ಆಬ್ರಿಗೂ ಗೊತ್ತು. "ಶುಕ್ರವಾರದ ತನಕ ತಡ್ಕೋ" ಎಂದ.

ಹೆಬ್ಬಾತಿನ ಕೊಟ್ಟಿಗೆಯ ಬಾಗಿಲು ಕಿತ್ತುಬಂದಿದೆ, ಸರಿ ಮಾಡಿಕೊಡಿ ಎಂದಿದ್ದಳು ನೆಸ್ಟಾ. ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಹೋಗಿ ಮಾಡಿಕೊಟ್ಟೆ. ಬೂಟು ಹುಲ್ಲಿಗೆ ಒರೆಸಿಕೊಂಡಿದ್ದೆ.

ಆಗಸ್ಟ್ 28, ಗುರುವಾರ

ಆಬ್ರಿಯನ್ನು ಕೇಳಲಿಲ್ಲ. ನಾನೇ ಇಲಾಖೆಗೆ ಫೋನ್ ಮಾಡಿದೆ. ಮೊದಲು ಸತ್ತದ್ದು ಯಾವಾಗ ಎಂದು ಕೇಳಿದಳು ಆಚೆಯ ಹೆಂಗಸು.

"ಇವತ್ತು."

ಬಾಯಿಗೆ ಬಂತು. ಹೇಳಿಬಿಟ್ಟೆ. ಸಂಜೆ ಆಬ್ರಿ ಬೈದ. ಆಮೇಲೆ, "ಆಯ್ತು, ಗುರುವಾರ ಅಂದ್ರೆ ಗುರುವಾರ. ಇಬ್ಬರದೂ ಒಂದೇ ಮಾತು" ಎಂದ.

ಆಗಸ್ಟ್ 31

ಇಲಾಖೆಯ ಬಿಳಿ ಸೂಟಿನವರು ಬಂದು ಹಿಡಿದು ಹಿಡಿದು ಡಬ್ಬಿಗೆ ತುಂಬಿದರು. ಗ್ಯಾಸ್. ಮಧ್ಯಾಹ್ನಕ್ಕೆ ಮುಗಿಯಿತು. ಕೊನೆಯ ಕೆಲವು ಮರ ಹತ್ತಿ ಕೂತಿದ್ದವು. ನಾನು ಸಿಳ್ಳೆ ಹಾಕಿದರೆ ಕಾಳಿಗೆ ಇಳಿದು ಬರುತ್ತವೆ ಎಂದು ಅವರಿಗೆ ಯಾರು ಹೇಳಿದರೋ. ಹಾಕಿ ಎಂದರು. ಹಾಕಿದೆ. ಬಂದವು.

ಸೆಪ್ಟೆಂಬರ್ 4

ನೆಸ್ಟಾಳ ಹೆಬ್ಬಾತುಗಳು ಕೊಳದಲ್ಲಿ ಸುಮ್ಮನೆ ಗಿರಗಿರ ಸುತ್ತುತ್ತಿವೆಯಂತೆ. ಬೆಳಗ್ಗೆ ಎಂಟು ಸತ್ತಿದ್ದವಂತೆ. ಅವಳು ಆ ಕ್ಷಣವೇ ಫೋನ್ ಮಾಡಿದ್ದಾಳೆ, ನನಗಲ್ಲ, ಇಲಾಖೆಗೆ.

ಸೆಪ್ಟೆಂಬರ್ 6

ನೆಸ್ಟಾಳ ನೂರ ನಲವತ್ತು ಹೆಬ್ಬಾತೂ ಹೋದವು. ಅವರಮ್ಮನ ಕಾಲದ ತಳಿ. ಬಿಷಪ್‌ಗೆ ಏನೂ ಆಗಿರಲಿಲ್ಲ. ನಿಯಮ ನಿಯಮವೇ. ಅವಳೇ ಎತ್ತಿಕೊಂಡು ಹೋಗಿ ಕೊಟ್ಟಳಂತೆ. ಇಲಾಖೆಯವರು ಅವಳ ಗೇಟಿನಿಂದ ಒಳಗೆ ಯಾರನ್ನೂ ಬಿಡುತ್ತಿಲ್ಲ. ಬಿಡುತ್ತಿಲ್ಲವಲ್ಲ ಎಂದು ನೆಮ್ಮದಿಯಾಯಿತು. ಥೂ.

ಅಕ್ಟೋಬರ್ 18

ಆರು ವಾರ ಬರೆದಿಲ್ಲ. ಬರೆಯಲು ಏನಿತ್ತು?

ಇವತ್ತು ನೆಸ್ಟಾ ಬಂದಳು. ಇಳಿದು ಹೋಗಿದ್ದಾಳೆ. ಕೋಟು ತೆಗೆಯದೆ ಕೂತಳು.

"ಭಾವ, ನಿಮ್ಮ ಹತ್ರ ಒಂದು ಹೇಳ್ಬೇಕು. ಬೈಬೇಡಿ."

"ಏನೇ?"

"ಆಗಸ್ಟಲ್ಲಿ ಒಂದು ಕಾಡುಬಾತು ಬಂದಿತ್ತು, ರೆಕ್ಕೆ ಮುರ್ಕೊಂಡು. ಪಾಪ ಅಂತ ಒಳಗೆ ಬಿಟ್ಕೊಂಡೆ. ನಿಮಗೆ ಹೇಳ್ಲಿಲ್ಲ. ಅದು ಬಂದಿದ್ದು ಮಂಗಳವಾರ. ಗುರುವಾರ ನಿಮ್ಮ ಹಕ್ಕಿ ಬಿದ್ವು. ನೀವು ದಿನಾ ನಮ್ಮನೇಗೆ ಬಂದು ಹೋಗ್ತಿದ್ರಲ್ಲ... ನನ್ನ ಅಂಗಳದಿಂದಾನೇ ನಿಮ್ಮಲ್ಲಿಗೆ ಹೋಗಿರೋದು. ನಿಮ್ಮ ಹಕ್ಕೀನೂ ನಾನೇ ಕೊಂದೆ, ನನ್ನವನ್ನೂ ನಾನೇ ಕೊಂದೆ. ತಪ್ಪಾಯ್ತು ಭಾವ."

ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ. "ಹೋಗ್ಲಿ ಬಿಡು" ಎಂದೆ. ಹೋಗ್ಲಿ ಬಿಡು ಎಂದೆ, ದೇವರೇ! ಕ್ಷಮಿಸಿದವನ ಹಾಗೆ.

ಬಾತು ಬಂದದ್ದು ಮಂಗಳವಾರ. ನನ್ನ ಹನ್ನೊಂದು ಸತ್ತದ್ದು ಅದರ ಹಿಂದಿನ ದಿನ, ಸೋಮವಾರ. ಇದು ಗೊತ್ತಿರುವುದು ನನಗೆ ಮತ್ತು ಆಬ್ರಿಗೆ.

ಅಕ್ಟೋಬರ್ 19, ಭಾನುವಾರ

ಹೇಳಿದೆ. ಅವಳ ಅಡುಗೆಮನೆಯಲ್ಲಿ, ನಿಂತುಕೊಂಡೇ. ಸೋಮವಾರ, ಮಂಗಳವಾರ, ಬುಧವಾರ, ಎಲ್ಲ.

ಆಲೂಗಡ್ಡೆ ಸುಲಿಯುತ್ತಿದ್ದಳು. ನಿಲ್ಲಿಸಲಿಲ್ಲ.

"ಬುಧವಾರ ಕೊಟ್ಟಿಗೆ ಒಳಗೆ ಹೋಗಿದ್ರಿ."

"ಹೂಂ."

"ಗೊತ್ತಿದ್ದೂ."

"ಹೂಂ."

"ಬಿಷಪ್‌ನ ಎತ್ಕೊಂಡ್ರಾ?"

ಎತ್ತಿಕೊಂಡಿದ್ದೆ. ಬಾಗಿಲಿಗೆ ಅಡ್ಡ ನಿಂತಿತ್ತು. ತಲೆಯಾಡಿಸಿದೆ.

ಆಲೂಗಡ್ಡೆ ಮುಗಿಯಿತು. ಚಾಕು ತೊಳೆದಿಟ್ಟಳು. "ಏಳು ವಾರದಿಂದ ನಾನು ಚರ್ಚಲ್ಲಿ ಮಂಡಿಯೂರಿ ಒಂದು ಬಾತಿಗಾಗಿ ಕ್ಷಮೆ ಕೇಳ್ತಿದೀನಿ" ಎಂದಳು. ಆಮೇಲೆ, "ಹೋಗು."

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಏಕವಚನ.

ಅಕ್ಟೋಬರ್ 21

ಇಲಾಖೆಗೂ ಹೇಳಿದೆ. ಬರೆದುಕೊಂಡರು. ನೋಟಿಸು ಬರುತ್ತದಂತೆ, ಇಬ್ಬರಿಗೂ.

ಆಬ್ರಿ ಅಂಗಳದಲ್ಲೇ ನಿಂತು ಕೂಗಾಡಿದ. "ಯಾರಿಗೆ ಏನು ಬಂತೋ ಇದ್ರಿಂದ? ಹೆಬ್ಬಾತು ಎದ್ದು ಬರ್ತಾವಾ?"

"ಇಲ್ಲ."

"ಮತ್ತೆ ಯಾಕೆ?"

"ಅವಳು ತಾನೇ ಕೊಂದೆ ಅಂದ್ಕೊಂಡಿದ್ಲು ಕಣೋ."

ತಿಂಗಳ ಕೊನೆಗೆ ಮನೆ ಬಿಡು ಎಂದು ಹೇಳಿ ಹೋದ. ಅವನ ಧ್ವನಿಯಲ್ಲೂ ಜೀವವಿರಲಿಲ್ಲ.

ಅಕ್ಟೋಬರ್ 24

ಬ್ರೋನ್ ಬಟ್ಟೆ ಡಬ್ಬಿಗೆ ತುಂಬಿದೆ. ನೆಸ್ಟಾಗೆ ಕೊಡಬೇಕು, ಅಕ್ಕನದು. ಗೇಟಿನ ಹೊರಗೆ ಇಟ್ಟು ತಿರುಗಿದೆ. ಅಂಗಳ ತೊಳೆಯುತ್ತಿದ್ದಳು. ನೀರು ನಿಲ್ಲಿಸಿ ಗೇಟಿನ ತನಕ ಬಂದಳು. ತೆರೆಯಲಿಲ್ಲ.

"ಸೋಮವಾರ ಎಷ್ಟು ಹೊತ್ತಿಗೆ ನೋಡ್ದೆ?"

"ಬೆಳಗ್ಗೆ ಆರೂವರೆ."

"ಅವತ್ತೂ ಟೀಗೆ ಬಂದಿದ್ದೆ. ಎಂಟಕ್ಕೆ. ಬ್ರೆಡ್ಡು ಇನ್ನೊಂದು ಚೂರು ಕೇಳ್ದೆ."

ಹೌದು. ಕೇಳಿದ್ದೆ. ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಆರೂವರೆಗೆ ನೋಡಿದ್ದು. ಆಬ್ರಿಗೆ ಫೋನ್ ಮಾಡಿದ್ದು ಒಂಬತ್ತು ದಾಟಿದ ಮೇಲೆ. ಅಂದರೆ ಎಂಟಕ್ಕೆ ಅವಳ ಮೇಜಿನ ಮುಂದೆ ಕೂತಾಗ ತಡೆಯಲು ಆಬ್ರಿ ಇರಲಿಲ್ಲ, ಮನೆಯ ಮಾತಿರಲಿಲ್ಲ, ಯಾರೂ ಏನೂ ಹೇಳಿರಲಿಲ್ಲ. ಆದರೂ ನಾನು ಸತ್ತ ಹಕ್ಕಿಯ ಮಾತೆತ್ತದೆ ಬ್ರೆಡ್ಡು ಕೇಳಿದೆ.